ಲೋಕಸಭೆ ಚುನಾವಣೆ: ಕೊಡಗಿನ ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಷ್ಟು ಕಾಲ ನನಗೆ ಚುನಾವಣೆ ಡ್ಯೂಟಿ ತಪ್ಪಲಿಲ್ಲ. ಮಡಿಕೇರಿ ಕಡೆ, ಕುಟ್ಟ ಕಡೆ, ಸೋಮವಾರಪೇಟೆ ಕಡೆ ಎಂದು ಎಷ್ಟೋ ಬೂತುಗಳಲ್ಲಿ ರಾತ್ರಿ ಕಳೆದಿದ್ದೇನೆ. ಈಗ ನಿವೃತ್ತನಾಗಿದ್ದೇನೆ. ಆದರೂ ಚುನಾವಣೆ ಹತ್ತಿರ ಬಂತೆಂದರೆ ಫೋನ್ ಶುರುವಾಗುತ್ತದೆ. "ಮೇಷ್ಟ್ರೇ, ಒಂದು ಡೌಟು" ಎಂದು ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಮ್ಮ ಜಿಲ್ಲೆಯಲ್ಲಿ ವೋಟು ತಪ್ಪುವುದು ಜನರಿಗೆ ಮನಸ್ಸಿಲ್ಲ ಎಂದಲ್ಲ. ನಾನು ಕಂಡ ಮಟ್ಟಿಗೆ, ಒಂದು ಅರ್ಜಿ ತಡವಾಗಿರುತ್ತದೆ, ಇಲ್ಲವೇ ಒಂದು ವಿಷಯ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಕೊಡಗು ಯಾವ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ?

ಮೈಸೂರು ಕ್ಷೇತ್ರಕ್ಕೆ. ಮೈಸೂರು-ಕೊಡಗು ಕ್ಷೇತ್ರ ಎಂದು ಎಲ್ಲರೂ ಕರೆಯುವುದು ಅದನ್ನೇ. ಇದರಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಮಡಿಕೇರಿ ಮತ್ತು ವಿರಾಜಪೇಟೆ ನಮ್ಮವು. ಪಿರಿಯಾಪಟ್ಟಣ, ಹುಣಸೂರು, ಚಾಮುಂಡೇಶ್ವರಿ, ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಮೈಸೂರು ಜಿಲ್ಲೆಯವು. 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ನಾವು ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿದ್ದೆವು. ಆಗ ಸೋಮವಾರಪೇಟೆಯೂ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಾಗಿತ್ತು, ಅಂದರೆ ಜಿಲ್ಲೆಗೆ ಮೂವರು ಶಾಸಕರು. ಈಗ ಇಬ್ಬರು.

ಹಿರಿಯರಿಗೆ ಇನ್ನೂ ಹಿಂದಿನದು ನೆನಪಿದೆ. 1952ರಲ್ಲಿ ಕೊಡಗು ತಾನೇ ಒಂದು ರಾಜ್ಯ. 24 ಸದಸ್ಯರ ವಿಧಾನಸಭೆ ಇತ್ತು, ಲೋಕಸಭೆಗೆ ನಮ್ಮದೇ ಒಂದು ಸೀಟಿತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿಹೋಯಿತು. "ಇಷ್ಟು ದೊಡ್ಡ ಕ್ಷೇತ್ರದಲ್ಲಿ ನಮ್ಮ ದನಿ ಯಾರಿಗೆ ಕೇಳುತ್ತದೆ?" ಎಂದು ಕೆಲವರು ನೊಂದು ಕೇಳುತ್ತಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಇರುವ ವೋಟುಗಳೂ ಬೀಳದೆ ಹೋದರೆ ದನಿ ಇನ್ನೂ ಸಣ್ಣದಾಗುತ್ತದೆ, ಅಲ್ವಾ?

ಈ ಚುನಾವಣೆಯನ್ನೆಲ್ಲ ನಡೆಸುವವರು ಯಾರು? ಸರ್ಕಾರವೇ?

ಸರ್ಕಾರ ಅಲ್ಲ. ಭಾರತ ಚುನಾವಣಾ ಆಯೋಗ. ಸಂವಿಧಾನದ 324ನೇ ವಿಧಿ ಆ ಕೆಲಸವನ್ನು ಆಯೋಗಕ್ಕೆ ಕೊಟ್ಟಿದೆ. ಅದು ಶುರುವಾದದ್ದು 1950ರ ಜನವರಿ 25ರಂದು. ಅದಕ್ಕೇ ಜನವರಿ 25 ಮತದಾರರ ದಿನ. ಆಯೋಗಕ್ಕೆ ಊರೂರಿನಲ್ಲಿ ಸ್ವಂತ ಸಿಬ್ಬಂದಿ ಇಲ್ಲ. ಚುನಾವಣೆ ಕೆಲಸಕ್ಕೆ ಜಿಲ್ಲಾಧಿಕಾರಿ, ತಹಶೀಲ್ದಾರ್, ಪೊಲೀಸರು, ನಮ್ಮಂಥ ಮೇಷ್ಟ್ರುಗಳು ಎಲ್ಲರೂ ಆಯೋಗದ ಅಧೀನಕ್ಕೆ ಬರುತ್ತಾರೆ.

ಪಂಚಾಯಿತಿ ಚುನಾವಣೆ ಬೇರೆ. ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಎರಡನ್ನೂ ಬೆರೆಸಬೇಡಿ.

ದೇಶದಲ್ಲಿ ಒಟ್ಟು ಎಷ್ಟು ಸೀಟು? ನಾವು ಪ್ರಧಾನಿಗೆ ವೋಟು ಹಾಕುತ್ತೇವೆಯೇ?

ಲೋಕಸಭೆಗೆ 543 ಸೀಟು. ಕರ್ನಾಟಕಕ್ಕೆ 28. ನಾವು ನಮ್ಮ ಸಂಸದರನ್ನು ಆರಿಸುತ್ತೇವೆ. 272 ಸಂಸದರ ಬೆಂಬಲ ಯಾರಿಗಿದೆಯೋ ಅವರ ಸರ್ಕಾರ. ಕ್ಷೇತ್ರದಲ್ಲಿ ಎಲ್ಲರಿಗಿಂತ ಜಾಸ್ತಿ ವೋಟು ಪಡೆದವರು ಗೆದ್ದಂತೆ. ಅರ್ಧಕ್ಕಿಂತ ಜಾಸ್ತಿ ಬೇಕೆಂದಿಲ್ಲ.

ಇಷ್ಟು ದೊಡ್ಡ ದೇಶದಲ್ಲಿ ಒಂದೇ ದಿನ ಮತದಾನ ಮಾಡಿಸಲು ಆಗುವುದಿಲ್ಲ. ಭದ್ರತಾ ಪಡೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. 2024ರಲ್ಲಿ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಾದವು. ನಾವು ವೋಟು ಹಾಕಿದ್ದು ಎರಡನೇ ಹಂತದಲ್ಲಿ, ಏಪ್ರಿಲ್ 26ರಂದು. ಫಲಿತಾಂಶಕ್ಕೆ ಜೂನ್ 4ರವರೆಗೆ ಕಾಯಬೇಕಾಯಿತು.

ನನ್ನ ಮಗಳಿಗೆ 18 ತುಂಬುತ್ತಿದೆ. ಹೆಸರು ಯಾವಾಗ ಸೇರಿಸಬಹುದು?

ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. ತಪ್ಪಿದರೆ ಮುಂದಿನ ವರ್ಷ. ಈಗ ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ನಮೂನೆ 6 ತುಂಬಿ ನಿಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಅಂದರೆ ಬಿಎಲ್‌ಓ ಕೈಗೆ ಕೊಡಿ, ಇಲ್ಲವೇ ತಾಲ್ಲೂಕು ಕಚೇರಿಯಲ್ಲಿ ಕೊಡಿ, ಮೊಬೈಲಿನಲ್ಲೂ ಹಾಕಬಹುದು. ವಯಸ್ಸಿಗೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ, ಒಂದು ಫೋಟೋ ಬೇಕು. ಚುನಾವಣೆ ಘೋಷಣೆ ಆಗಲಿ ಎಂದು ಕಾಯಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ. ಅರ್ಜಿ ಪರಿಶೀಲನೆಗೂ ದಿನ ಬೇಕಲ್ಲ.

ಮದುವೆಯಾಗಿ ಬೇರೆ ಊರಿಗೆ ಬಂದ ಹೆಣ್ಣುಮಕ್ಕಳಿಗೆ ನಮೂನೆ 8. ವಿಳಾಸ ಬದಲಾವಣೆ, ಹೆಸರಿನ ತಿದ್ದುಪಡಿ, ಕಳೆದುಹೋದ ಕಾರ್ಡಿಗೆ ಬದಲಿ, ಎಲ್ಲಕ್ಕೂ ಅದೊಂದೇ. ತೀರಿಹೋದವರ ಹೆಸರು ತೆಗೆಸಲು ನಮೂನೆ 7.

ಐನ್‌ಮನೆ (ಕುಟುಂಬದ ಹಿರಿಯರ ಮೂಲ ಮನೆ) ಇಲ್ಲಿದೆ, ತೋಟ ಇಲ್ಲಿದೆ. ಆದರೆ ಇರುವುದು ಬೆಂಗಳೂರಿನಲ್ಲಿ. ವೋಟು ಎಲ್ಲಿ?

ಕೊಡಗಿನಲ್ಲಿ ಇದೇ ಜಾಸ್ತಿ ಬರುವ ಪ್ರಶ್ನೆ. ನೀವು ಸಾಮಾನ್ಯವಾಗಿ ವಾಸ ಮಾಡುವ ಜಾಗದಲ್ಲಿ ನಿಮ್ಮ ವೋಟು. ಬರೀ ಮನೆ ಇದೆ, ಆಸ್ತಿ ಇದೆ ಎಂಬ ಕಾರಣಕ್ಕೆ ಅಲ್ಲಿನ ಮತದಾರ ಆಗುವುದಿಲ್ಲ. 1950ರ ಜನಪ್ರಾತಿನಿಧ್ಯ ಕಾಯಿದೆಯ 20ನೇ ಸೆಕ್ಷನ್‌ನಲ್ಲಿ ಇದು ಸ್ಪಷ್ಟವಾಗಿದೆ. ಪುತ್ತರಿ, ಕೈಲ್ ಮುಹೂರ್ತದಂಥ ಹಬ್ಬಕ್ಕೆ ಬಂದು ಹೋಗುವುದು ವಾಸ ಅಲ್ಲ. ಹಾಗೆಂದು ಒಂದೆರಡು ತಿಂಗಳು ಮಕ್ಕಳ ಮನೆಗೆ ಹೋಗಿ ಬಂದವರ ವಾಸ ತಪ್ಪಿಹೋಗುವುದೂ ಇಲ್ಲ.

ಎರಡೂ ಕಡೆ ಹೆಸರು ಇಟ್ಟುಕೊಳ್ಳುವುದು ತಪ್ಪು. ಬೇಕೆಂದೇ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಊರಿನ ಮೇಲಿನ ಪ್ರೀತಿಗೆ ಹೆಸರು ಬಿಡಲು ಮನಸ್ಸಾಗುವುದಿಲ್ಲ, ಗೊತ್ತು. ಆದರೂ ಒಂದನ್ನು ಆರಿಸಿಕೊಳ್ಳಿ.

ವೋಟರ್ ಐಡಿ ಕೈಯಲ್ಲಿದೆ. ಪಟ್ಟಿ ನೋಡಬೇಕೇ?

ನೋಡಲೇಬೇಕು. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಒಂದು ವರ್ಷ ನಮ್ಮಮ್ಮ ಕಣ್ಣಿನ ಆಪರೇಷನ್‌ಗೆಂದು ಮೈಸೂರಿನ ತಂಗಿ ಮನೆಯಲ್ಲಿ ಇದ್ದರು. ಆಗ ಮನೆ ಮನೆಗೆ ಬಂದು ಪಟ್ಟಿ ನೋಡಿದವರು "ಊರು ಬಿಟ್ಟಿದ್ದಾರೆ" ಎಂದು ಬರೆದುಕೊಂಡು ಹೋದರು. ನನಗೆ ಗೊತ್ತಾಗಿದ್ದು ಮತದಾನದ ದಿನ. ಹೊಸ ಸೀರೆ ಉಟ್ಟು, ಕಾರ್ಡ್ ಹಿಡಿದು ಬಂದ ಅಮ್ಮ ಬೂತಿನಿಂದ ಹಾಗೇ ವಾಪಸು ಬಂದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಊರಿಗೆಲ್ಲ ಹೇಳುವ ನಾನು ನನ್ನ ಮನೆಯ ಪಟ್ಟಿ ನೋಡಿರಲಿಲ್ಲ. ಆ ಸಂಕಟ ಇನ್ನೂ ಇದೆ.

ಹಾಗಾಗಿ ಕರಡು ಪಟ್ಟಿ ಬಂದ ಕೂಡಲೇ ಮನೆಯವರೆಲ್ಲರ ಹೆಸರು ನೋಡಿ. ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ನೆಟ್‌ವರ್ಕ್ ಸಿಗದ ಊರಿನವರು ಬಿಎಲ್‌ಓ ಬಳಿ ನೋಡಬಹುದು, 1950ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಕಾರ್ಡೇ ಇಲ್ಲದಿದ್ದರೆ?

ಪಟ್ಟಿಯಲ್ಲಿ ಹೆಸರಿದ್ದರೆ ಬೇರೆ ಗುರುತು ಸಾಕು. ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾನ್ ಕಾರ್ಡ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಗುರುತಿನ ಚೀಟಿ ಇವೆಲ್ಲ ನಡೆಯುತ್ತವೆ. ಅಸಲು ಪ್ರತಿಯನ್ನೇ ತನ್ನಿ. ಮನೆಗೆ ಬರುವ ವೋಟರ್ ಸ್ಲಿಪ್ ಗುರುತಿನ ದಾಖಲೆ ಅಲ್ಲ. ಅದು ಬೂತ್ ಯಾವುದು, ಕ್ರಮಸಂಖ್ಯೆ ಎಷ್ಟು ಎಂದು ತಿಳಿಯಲು ಮಾತ್ರ. ರೇಷನ್ ಕಾರ್ಡ್ ಹಿಡಿದು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ಅದು ಆ ಯಾದಿಯಲ್ಲಿ ಇಲ್ಲ.

ಮಗ ಸೈನ್ಯದಲ್ಲಿದ್ದಾನೆ. ಅವನ ವೋಟು ಹೇಗೆ?

ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನೆಲ ನಮ್ಮದು. ಗಡಿಯಲ್ಲಿರುವ ಮಕ್ಕಳ ವೋಟು ಇಲ್ಲಿ ತಪ್ಪಿದರೆ ನನಗೆ ಬಹಳ ಬೇಸರ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಭೂಸೇನೆ, ನೌಕಾಪಡೆ, ವಾಯುಪಡೆಯವರು ಸೇವಾ ಮತದಾರರು. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳವರೂ ಹಾಗೆಯೇ. ಅವರು ತಮ್ಮ ಘಟಕದ ಮೂಲಕ ಅರ್ಜಿ ಕೊಟ್ಟು ಊರಿನ ವಿಳಾಸದಲ್ಲೇ ಹೆಸರು ಸೇರಿಸಿಕೊಳ್ಳಬಹುದು. ಪಟ್ಟಿಯ ಕೊನೆಯ ಭಾಗದಲ್ಲಿ ಅವರ ಹೆಸರಿರುತ್ತದೆ. ಜೊತೆಯಲ್ಲೇ ವಾಸವಿರುವ ಹೆಂಡತಿಯ ಹೆಸರೂ ಸೇರುತ್ತದೆ. ಮತಪತ್ರ ಈಗ ಕಂಪ್ಯೂಟರ್ ಮೂಲಕ ಘಟಕಕ್ಕೆ ಹೋಗುತ್ತದೆ. ಅವರು ಅದನ್ನು ಇಳಿಸಿಕೊಂಡು, ಗುರುತು ಹಾಕಿ, ಅಂಚೆಯಲ್ಲಿ ಕಳಿಸಬೇಕು. ಎಣಿಕೆ ಶುರುವಾಗುವ ಹೊತ್ತಿಗೆ ಅದು ಚುನಾವಣಾಧಿಕಾರಿಗೆ ತಲುಪಿರಬೇಕು. ತಡವಾಗಿ ಬಂದದ್ದನ್ನು ಎಣಿಸುವುದಿಲ್ಲ. ಆದ್ದರಿಂದ ಮಗನಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಎಂದು ಕೇಳುವಾಗಲೇ "ವೋಟು ಕಳಿಸಿದೆಯಾ" ಎಂದೂ ಕೇಳಿ.

ಇನ್ನೊಂದು ದಾರಿಯೂ ಇದೆ. ಸೈನಿಕರು ಊರಿನಲ್ಲಿರುವ ಒಬ್ಬರನ್ನು ತಮ್ಮ ಬದಲು ವೋಟು ಹಾಕಲು ನೇಮಿಸಬಹುದು. 2003ರಿಂದ ಈ ಅವಕಾಶವಿದೆ. ಅದಕ್ಕೆ ನಮೂನೆ 13ಎಫ್ ತುಂಬಿ ಕೊಡಬೇಕು. ಅಪ್ಪನೋ ಅಣ್ಣನೋ ಬೂತಿಗೆ ಹೋಗಿ ತನ್ನದನ್ನೂ ಹಾಕಿ, ಸೈನಿಕನದನ್ನೂ ಹಾಕಬಹುದು. ಹಾಗೆ ಬದಲಿಯಾಗಿ ಹಾಕುವಾಗ ಶಾಯಿ ಎಡಗೈ ನಡುಬೆರಳಿಗೆ. ಅಂಚೆ ಮತ, ಬದಲಿ ಮತ ಎರಡರಲ್ಲಿ ಒಂದೇ.

ಗಲ್ಫ್‌ನಲ್ಲಿರುವವರು ಅಂಚೆಯಲ್ಲಿ ಹಾಕಬಹುದೇ?

ಸದ್ಯಕ್ಕೆ ಇಲ್ಲ. ನಮೂನೆ 6ಎ ಕೊಟ್ಟು ಹೆಸರು ಸೇರಿಸಬಹುದು. ಆದರೆ ಊರಿಗೆ ಬಂದು, ಅಸಲು ಪಾಸ್‌ಪೋರ್ಟ್ ತೋರಿಸಿ ಬೂತಿನಲ್ಲೇ ಹಾಕಬೇಕು.

ಅಜ್ಜಿಗೆ ನಡೆಯಲು ಆಗುವುದಿಲ್ಲ. ಬೂತು ದೂರ.

85 ವರ್ಷ ದಾಟಿದವರಿಗೆ, ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ವೋಟು ಹಾಕುವ ಅವಕಾಶವಿದೆ. ನಮೂನೆ 12ಡಿ ತುಂಬಬೇಕು. ಚುನಾವಣೆಯ ಅಧಿಸೂಚನೆ ಬಂದ ಐದು ದಿನದೊಳಗೆ ಕೊಡಬೇಕು. ಬಿಎಲ್‌ಓ ಮನೆಗೇ ತರುತ್ತಾರೆ. ಬರದಿದ್ದರೆ ನೀವೇ ಕೇಳಿ. ಆಮೇಲೆ ಒಂದು ತಂಡ ಹೇಳಿದ ದಿನ ಮನೆಗೆ ಬರುತ್ತದೆ. ಪೊಲೀಸರಿರುತ್ತಾರೆ, ವಿಡಿಯೋ ಮಾಡುತ್ತಾರೆ. ಆದರೆ ಗುರುತು ಹಾಕುವುದನ್ನು ಯಾರೂ ನೋಡುವಂತಿಲ್ಲ. ಮನೆಯವರೂ ಪಕ್ಕದಲ್ಲಿ ನಿಂತು "ಇದಕ್ಕೆ ಹಾಕಜ್ಜಿ" ಎನ್ನಬಾರದು. ಒಮ್ಮೆ ಇದನ್ನು ಆರಿಸಿಕೊಂಡರೆ ಬೂತಿಗೆ ಹೋಗಿ ಹಾಕಲು ಬಿಡುವುದಿಲ್ಲ.

ಕಣ್ಣು ಕಾಣದವರು, ತಾವೇ ಬಟನ್ ಒತ್ತಲಾಗದವರು ಬೂತಿಗೆ 18 ದಾಟಿದ ಒಬ್ಬರನ್ನು ಜೊತೆಗೆ ಕರೆತರಬಹುದು. ಹಾಗೆ ಬಂದವರು ಆ ದಿನ ಒಬ್ಬರಿಗೆ ಮಾತ್ರ ಸಹಾಯ ಮಾಡಬಹುದು.

ಲೈನ್ ಮನೆಯವರು, ಹಾಡಿಯವರು ಏನು ಮಾಡಬೇಕು?

ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ವಾಸವಿದ್ದರೆ ಅದೇ ವಿಳಾಸ. ಮನೆ ತೋಟದ ಮಾಲೀಕರದು ಎಂಬುದು ಅಡ್ಡಿ ಅಲ್ಲ. ಸರಿಯಾದ ವಿಳಾಸದ ದಾಖಲೆ ಇಲ್ಲದಿದ್ದರೂ ಬಿಎಲ್‌ಓ ಬಂದು ನೋಡಿ, ವಾಸ ನಿಜ ಎಂದು ಖಚಿತಪಡಿಸಿಕೊಂಡು ಹೆಸರು ಸೇರಿಸಬಹುದು. ಜೇನುಕುರುಬ, ಯರವ ಬುಡಕಟ್ಟಿನವರು ವಾಸಿಸುವ ಹಾಡಿಗಳಲ್ಲಿ ಎಷ್ಟೋ ಜನ ಒಂದು ಕಾಗದ ಇಲ್ಲ ಎಂದು ಸುಮ್ನೆ ಕೂತುಬಿಡುತ್ತಾರೆ. ಓದಿದ ಹುಡುಗರು ಹಾಡಿಗೆ ಒಂದು ದಿನ ಹೋಗಿ ಅರ್ಜಿ ತುಂಬಿಸಿಕೊಟ್ಟರೆ ಅದಕ್ಕಿಂತ ಒಳ್ಳೆ ಕೆಲಸ ಬೇರೆ ಇಲ್ಲ.

ಬೇರೆ ರಾಜ್ಯದಿಂದ ಕಾಫಿ ಕುಯ್ಲಿಗೆಂದು ಬಂದು ಹೋಗುವವರ ವೋಟು ಅವರ ಊರಿನಲ್ಲೇ.

ಮತದಾನದ ದಿನ ತೋಟದಲ್ಲಿ ರಜೆ ಕೊಡಬೇಕೇ? ಸಂಬಳ?

ಕೊಡಬೇಕು. ಸಂಬಳ ಸಮೇತ. 1951ರ ಜನಪ್ರಾತಿನಿಧ್ಯ ಕಾಯಿದೆಯ 135ಬಿ ಸೆಕ್ಷನ್ ಹೀಗೆ ಹೇಳುತ್ತದೆ, ದಿನಗೂಲಿಯವರಿಗೂ ಇದು ಅನ್ವಯ. "ಬೆಳಿಗ್ಗೆ ಕೆಲಸ ಮುಗಿಸಿ ಮಧ್ಯಾಹ್ನ ಹೋಗಿ" ಎನ್ನುವುದು ರಜೆ ಅಲ್ಲ.

ಕೋವಿ ಠಾಣೆಗೆ ಕೊಡಬೇಕೇ? ಕಾಡಾನೆ, ಹಂದಿ ಕಾಟ ಇದೆಯಲ್ಲ?

ಚುನಾವಣೆ ಘೋಷಣೆಯಾದ ಕೂಡಲೇ ನೀತಿ ಸಂಹಿತೆ ಜಾರಿಗೆ ಬರುತ್ತದೆ. ಆಮೇಲೆ ಲೈಸೆನ್ಸ್ ಇರುವ ಆಯುಧಗಳನ್ನು ಠಾಣೆಯಲ್ಲಿ ಇಡಬೇಕೆಂದು ಜಿಲ್ಲಾಡಳಿತ ಆದೇಶ ಮಾಡುತ್ತದೆ. ಯಾರ ಆಯುಧ ಇಡಿಸಿಕೊಳ್ಳಬೇಕು, ಯಾರಿಗೆ ಬಿಡಬಹುದು ಎಂದು ನೋಡಲು ಜಿಲ್ಲಾ ಮಟ್ಟದಲ್ಲಿ ಒಂದು ಸಮಿತಿ ಇರುತ್ತದೆ. ಬೆಳೆ ಕಾಯಲು, ಜೀವ ಉಳಿಸಿಕೊಳ್ಳಲು ಬೇಕೇಬೇಕು ಎನ್ನುವವರು ಆ ಸಮಿತಿಗೆ ಬರೆದು ಕೇಳಬಹುದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿ ಇರುವವರಿಗೂ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ. ಅಂಥವರು ಆ ಸಲದ ಆದೇಶದಲ್ಲಿ ತಮಗೆ ಏನು ಹೇಳಿದೆ ಎಂದು ಓದಿ ನೋಡಿ. ಪಕ್ಕದ ಮನೆಯವರು ಹೇಳಿದ್ದನ್ನು ನಂಬಿ ಕೂರಬೇಡಿ. ಕೊಟ್ಟರೆ ರಸೀದಿ ತಪ್ಪದೆ ಪಡೆಯಿರಿ.

ಕಾಫಿ ಮಾರಿದ ದುಡ್ಡು ಕೈಯಲ್ಲಿದೆ. ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೆಯೇ?

ಕುಟ್ಟ, ಮಾಕುಟ್ಟ, ಸಂಪಾಜೆ, ಕುಶಾಲನಗರ ಎಲ್ಲ ಕಡೆ ತಪಾಸಣೆ ಇರುತ್ತದೆ. 50,000 ರೂಪಾಯಿಗಿಂತ ಜಾಸ್ತಿ ನಗದು ಇದ್ದು, ಲೆಕ್ಕ ಹೇಳಲು ಆಗದಿದ್ದರೆ ವಶಕ್ಕೆ ಪಡೆಯಬಹುದು. ಕಾಫಿ, ಕರಿಮೆಣಸು ಮಾರಿದ ಬಿಲ್ಲು ಅಥವಾ ಬ್ಯಾಂಕಿನಿಂದ ತೆಗೆದ ಚೀಟಿ ಜೇಬಿನಲ್ಲಿ ಇಟ್ಟುಕೊಳ್ಳಿ. ಹಿಡಿದರೂ ಹೆದರಬೇಡಿ. ದಾಖಲೆ ತೋರಿಸಿ ಬಿಡಿಸಿಕೊಳ್ಳಲು ಜಿಲ್ಲೆಯಲ್ಲಿ ಸಮಿತಿ ಇದೆ.

ಮತದಾನದ ಹಿಂದಿನ ದಿನ ಮದುವೆ ಇಟ್ಟುಕೊಂಡಿದ್ದೇವೆ.

ಮದುವೆ ಮಾಡಿ. ಆದರೆ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯ ಮಾರುವುದು, ಹಂಚುವುದು ನಿಷೇಧ. ಅಂಗಡಿಗೆ ಮಾತ್ರ ಅಲ್ಲ, ಖಾಸಗಿ ಜಾಗಕ್ಕೂ ಇದು ಅನ್ವಯ. ಮದುವೆ ಮಂಟಪಕ್ಕೂ ಸೇರಿ. ದಿನಾಂಕ ಗೊತ್ತಾದ ಕೂಡಲೇ ಅಡುಗೆಯವರಿಗೂ ನೆಂಟರಿಗೂ ಹೇಳಿಬಿಡಿ.

ಬೂತಿನ ಒಳಗೆ ಏನೇನು ನಡೆಯುತ್ತದೆ?

ಹಿಂದಿನ ದಿನವೇ ಮಸ್ಟರಿಂಗ್. ಯಂತ್ರ, ಕಾಗದ ಎಲ್ಲ ಪಡೆದು ನಾವು ಬಸ್ಸಿನಲ್ಲೋ ಜೀಪಿನಲ್ಲೋ ಊರು ಸೇರುತ್ತೇವೆ. ಮತದಾನಕ್ಕೆ ಒಂದೂವರೆ ಗಂಟೆ ಮೊದಲು ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ. ಕನಿಷ್ಠ 50 ವೋಟು ಒತ್ತಿ, ಎಣಿಸಿ, ಯಂತ್ರ ಮುದ್ರಿಸಿದ ಚೀಟಿಗಳ ಜೊತೆ ತಾಳೆ ನೋಡಿ, ಎಲ್ಲ ಅಳಿಸಿ, ಸೀಲ್ ಮಾಡಿ ಆಮೇಲೆ ಬಾಗಿಲು ತೆರೆಯುವುದು.

ನೀವು ಒಳಗೆ ಬಂದಾಗ ಮೊದಲ ಅಧಿಕಾರಿ ಹೆಸರು ಕೂಗಿ ಗುರುತು ನೋಡುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಪಡೆದು ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಪಡೆದು ಯಂತ್ರ ಚಾಲು ಮಾಡುತ್ತಾರೆ. ಆಮೇಲೆ ಮರೆಯಲ್ಲಿ ನೀವೊಬ್ಬರೇ. ನೀಲಿ ಬಟನ್ ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಪಕ್ಕದಲ್ಲಿರುವ ವಿವಿಪ್ಯಾಟ್ ಎಂಬ ಚೀಟಿ ಮುದ್ರಿಸುವ ಯಂತ್ರದ ಗಾಜಿನಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಾಣುತ್ತದೆ. ಅದನ್ನು ನೋಡಿ, ಬೀಪ್ ಶಬ್ದ ಕೇಳಿ, ಆಮೇಲೆ ಹೊರಡಿ.

ಆ ಶಾಯಿ ತಯಾರಾಗುವುದು ನಮ್ಮ ಪಕ್ಕದ ಮೈಸೂರಿನಲ್ಲಿ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದದ್ದು. 1962ರಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಶಾಯಿ ಹೋಗುತ್ತದೆ. ಪ್ರತಿ ಸಲ ಬಾಟಲಿ ತೆರೆಯುವಾಗ ನನಗೆ ಹೆಮ್ಮೆ ಅನ್ನಿಸುತ್ತಿತ್ತು.

ಕರೆಂಟ್ ಹೋದರೆ ಯಂತ್ರ ನಿಲ್ಲುತ್ತದೆಯೇ?

ಇಲ್ಲ. ಅದು ಬ್ಯಾಟರಿಯಲ್ಲಿ ನಡೆಯುತ್ತದೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಜೊತೆ ಗಾಳಿ ಬೀಸಿ ಮರ ಬಿದ್ದು ಕರೆಂಟ್ ಹೋದ ಒಂದು ಮಧ್ಯಾಹ್ನ ನಾವು ದೀಪದ ಬೆಳಕಿನಲ್ಲೇ ಕೆಲಸ ಮುಂದುವರಿಸಿದ್ದೆವು. ಒಂದು ವೋಟೂ ತಪ್ಪಲಿಲ್ಲ.

ನಾನು ಒತ್ತಿದ್ದು ಒಂದು, ಚೀಟಿಯಲ್ಲಿ ಕಂಡದ್ದು ಇನ್ನೊಂದು ಎಂದರೆ?

ಅಲ್ಲೇ, ಆಗಲೇ ಬೂತಿನ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿಗೆ ಹೇಳಿ. ಬರೆದುಕೊಡಬೇಕು. ಏಜೆಂಟರ ಎದುರು ಪರೀಕ್ಷೆಗೆ ಒಂದು ವೋಟು ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ. ಸುಳ್ಳಾದರೆ ಶಿಕ್ಷೆ ಇದೆ. ಎಣಿಕೆ ದಿನ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಬೂತುಗಳ ಚೀಟಿಗಳನ್ನು ಕೈಯಲ್ಲಿ ಎಣಿಸಿ ತಾಳೆ ನೋಡುತ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕು ಎಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು, ನಾವಿಲ್ಲಿ ಸಾಲಿನಲ್ಲಿ ನಿಂತಿದ್ದ ದಿನವೇ.

ನನ್ನ ಹೆಸರಿನಲ್ಲಿ ಬೇರೆಯವರು ಆಗಲೇ ಹಾಕಿ ಹೋಗಿದ್ದಾರೆ!

ಜಗಳ ಮಾಡಿ ಮನೆಗೆ ಹೋಗಬೇಡಿ. ನೀವೇ ಆ ಮತದಾರ ಎಂದು ಗುರುತು ತೋರಿಸಿದರೆ ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಬೇರೆ ಲಕೋಟೆಯಲ್ಲಿ ಸೀಲ್ ಮಾಡಿ ಇಡುತ್ತಾರೆ. ಸಾಮಾನ್ಯ ಎಣಿಕೆಗೆ ಸೇರುವುದಿಲ್ಲ. ಆದರೆ ಕೋರ್ಟಿಗೆ ಹೋದಾಗ ಅದಕ್ಕೆ ಬೆಲೆ ಬರುತ್ತದೆ.

ರಸ್ತೆ ಆಗಿಲ್ಲ. ಊರೆಲ್ಲ ಸೇರಿ ಮತದಾನ ಬಹಿಷ್ಕಾರ ಮಾಡಿದರೆ?

ಸಿಟ್ಟು ನ್ಯಾಯವೇ. ಮಳೆಗಾಲದಲ್ಲಿ ಹೆರಿಗೆಗೆ ಹೆಂಗಸರನ್ನು ಹೊತ್ತು ತಂದ ಊರುಗಳನ್ನು ನಾನೂ ನೋಡಿದ್ದೇನೆ. ಆದರೆ ಯಾರೂ ಬರದಿದ್ದರೂ ಬೂತ್ ಸಂಜೆವರೆಗೆ ತೆರೆದಿರುತ್ತದೆ, ಫಲಿತಾಂಶವೂ ಬರುತ್ತದೆ. ಯಾರೂ ಬೇಡ ಎನ್ನಿಸಿದರೆ ನೋಟಾ ಒತ್ತಿ. 2013ರಿಂದ ಇದೆ. ನೋಟಾಗೆ ಎಲ್ಲರಿಗಿಂತ ಜಾಸ್ತಿ ವೋಟು ಬಿದ್ದರೂ ಲೋಕಸಭೆ ಚುನಾವಣೆಯಲ್ಲಿ ಅದರ ನಂತರದ ಅಭ್ಯರ್ಥಿಯೇ ಗೆಲ್ಲುವುದು, ನಿಜ. ಆದರೆ ನಿಮ್ಮ ಸಿಟ್ಟು ಲೆಕ್ಕದಲ್ಲಿ ದಾಖಲಾಗುತ್ತದೆ.

ಹಣ, ಸೀರೆ ಹಂಚುವುದನ್ನು ಕಂಡರೆ?

ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಫೋಟೋ ಅಥವಾ ವಿಡಿಯೋ ಕಳಿಸಿ. ನಿಮ್ಮ ಹೆಸರು ಕೊಡದೆಯೂ ಕಳಿಸಬಹುದು. 100 ನಿಮಿಷದೊಳಗೆ ಕ್ರಮ ಆಗಬೇಕು ಎಂಬುದು ನಿಯಮ.

ದಾರಿಯಲ್ಲಿ ಆನೆ ಇದ್ದರೆ, ಬೂತಿಗೆ ಬರುವುದು ತಡವಾದರೆ?

ಜೀವ ಮೊದಲು. ಅರಣ್ಯ ಇಲಾಖೆಯವರಿಗೆ ತಿಳಿಸಿ, ದಾರಿ ತೆರವಾದ ಮೇಲೆ ನಾಲ್ಕು ಜನ ಸೇರಿ ಬನ್ನಿ. 2024ರಲ್ಲಿ ನಮ್ಮಲ್ಲಿ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಮತದಾನ ಇತ್ತು. ಸಮಯ ಮುಗಿಯುವ ಹೊತ್ತಿಗೆ ನೀವು ಸಾಲಿನಲ್ಲಿ ನಿಂತಿದ್ದರೆ ಸಾಕು. ಅಧ್ಯಕ್ಷಾಧಿಕಾರಿ ಹೊರಗೆ ಬಂದು ಸಹಿ ಮಾಡಿದ ಚೀಟಿ ಹಂಚುತ್ತಾರೆ. ಒಂದನೇ ನಂಬರಿನ ಚೀಟಿ ಸಾಲಿನ ಕೊನೆಯಲ್ಲಿ ನಿಂತವರಿಗೆ. ಅಲ್ಲಿಂದ ಮುಂದಕ್ಕೆ ಕೊಡುತ್ತಾ ಬರುತ್ತಾರೆ, ಹಿಂದಿನಿಂದ ಹೊಸಬರು ಸೇರಬಾರದು ಎಂದು. ಚೀಟಿ ಕೈಗೆ ಬಂದ ಮೇಲೆ ಕತ್ತಲಾದರೂ ನಿಮ್ಮನ್ನು ಯಾರೂ ವಾಪಸು ಕಳಿಸುವಂತಿಲ್ಲ. ಕೊನೆಯವರು ಹಾಕುವ ತನಕ ಬೂತ್ ಮುಚ್ಚುವುದಿಲ್ಲ.